ನಗರದ ಮುದ್ರೆ, ನಾಡಿನ ಧ್ವಜ

ಪುಣೆಯ ಪೂರ್ವದಿಕ್ಕಿನಲ್ಲಿ, ಸೋಲಾಪುರದ ಹೆದ್ದಾರಿಯ ಮೇಲಿರುವ ಹಡಪಸರದಲ್ಲಿ ಮನೆಮಾಡಿರುವ ಕನ್ನಡ ಕುಟುಂಬದ ಬದುಕಿನಲ್ಲಿ ಎರಡು ಚಿಹ್ನೆಗಳು ವರ್ಷವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು, ಮನೆಕಂದಾಯದ ಬಿಲ್ಲಿನ ಮೇಲೆ ಅಚ್ಚಾಗಿ ಬರುವ ಪುಣೆ ಮಹಾನಗರಪಾಲಿಕೆಯ ಮುದ್ರೆ. ಇನ್ನೊಂದು, ನವೆಂಬರ್ 1ರಂದು ಕನ್ನಡಿಗರು ಸೇರಿದಲ್ಲಿ ಏರುವ ಹಳದಿ-ಕೆಂಪು ಧ್ವಜ. ಮೊದಲನೆಯದನ್ನು ಕಂಡಾಗ ಹಣ ಕಟ್ಟಬೇಕಾದ ಗಡುವು ನೆನಪಾಗುತ್ತದೆ. ಎರಡನೆಯದನ್ನು ಕಂಡಾಗ ಬಿಟ್ಟುಬಂದ ಊರು ನೆನಪಾಗುತ್ತದೆ. ಮೊದಲನೆಯದಕ್ಕೆ ಯಾರೂ ಕೈಮುಗಿಯುವುದಿಲ್ಲ. ಎರಡನೆಯದರ ಕೆಳಗೆ ನಿಂತು ನೀರಿನ ನಲ್ಲಿಯನ್ನಾಗಲಿ ಬೀದಿದೀಪವನ್ನಾಗಲಿ ಯಾರೂ ಕೇಳುವುದಿಲ್ಲ. ಈ ಎರಡು ಚಿಹ್ನೆಗಳ ಸಂಬಂಧವೇನು, ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದು ಚಿತ್ರಕಲೆಯ ಚರ್ಚೆ ಮಾತ್ರವಲ್ಲ. 2020ರ ಡಿಸೆಂಬರ್ 28ರಂದು ಬೆಳಗಾವಿ ಮಹಾನಗರಪಾಲಿಕೆಯ ಕಚೇರಿಯ ಮುಂದೆ ಕನ್ನಡ ಹೋರಾಟಗಾರರು ಹಳದಿ-ಕೆಂಪು ಧ್ವಜವನ್ನು ಏರಿಸಿದರು. ಅದಕ್ಕೆ ಪ್ರತಿಯಾಗಿ ಭಗವಾ ಧ್ವಜವನ್ನು ಏರಿಸುವ ಮಾತು ಎದ್ದಿತು. ಹೀಗೆ ಪಾಲಿಕೆಯ ಬಾಗಿಲಿಗೆ ಧ್ವಜ ಸಲ್ಲುತ್ತದೆಯೋ ಮುದ್ರೆ ಸಲ್ಲುತ್ತದೆಯೋ ಎಂಬ ಪ್ರಶ್ನೆ ಪೋಲೀಸರ ಕಾವಲಿನಲ್ಲಿ ಬೀದಿಗೆ ಬಂದಿತು. ಮಹಾರಾಷ್ಟ್ರದ ನಗರದಲ್ಲಿ ಕಂದಾಯ ಕಟ್ಟಿಕೊಂಡು ಬಾಳುತ್ತಿರುವ ಕನ್ನಡಿಗನಿಗೆ ಆ ಘಟನೆ ದೂರದ ಸುದ್ದಿಯಾಗಲಾರದು. ಬೆಳಗಾವಿಯಲ್ಲಿ ಮರಾಠಿ ಮಾತಿನ ಕಂದಾಯದಾರನ ಸ್ಥಿತಿ ಏನೋ, ಹಡಪಸರದಲ್ಲಿ ಅವನ ಸ್ಥಿತಿ ಅದೇ.

ಧ್ವಜ, ಲಾಂಛನಗಳ ವಿವೇಚನೆಗೆ ಯೂರೋಪಿನ ಗ್ರಂಥಗಳನ್ನು ತೆರೆಯುವ ಮೊದಲು ಕನ್ನಡ ನಾಡಿನ ಶಾಸನಗಳನ್ನು ನೋಡುವುದು ಯುಕ್ತ. ಅವು ಈ ಎರಡನ್ನೂ ಬೇರೆಬೇರೆಯಾಗಿಯೇ ಹೇಳುತ್ತವೆ. ಹಾನಗಲ್ಲಿನ ಕದಂಬರ ಬಿರುದಾವಳಿಯಲ್ಲಿ ಧ್ವಜ ವಾನರನದು, ಲಾಂಛನ ಸಿಂಹದ್ದು. ತಲಕಾಡಿನ ಗಂಗರಿಗೆ ಪಿಂಛದ ಧ್ವಜ, ಮದಗಜದ ಲಾಂಛನ. 13ನೆಯ ಶತಮಾನದ ಆರಂಭದಲ್ಲಿ ವೇಣುಗ್ರಾಮವನ್ನು, ಎಂದರೆ ಇಂದಿನ ಬೆಳಗಾವಿಯನ್ನೇ, ಆಳುತ್ತಿದ್ದ ಸವದತ್ತಿಯ ರಟ್ಟರು ಸುವರ್ಣಗರುಡ ಧ್ವಜವನ್ನೂ ಸಿಂಧೂರ ಲಾಂಛನವನ್ನೂ ತಮ್ಮವೆಂದು ಹೇಳಿಕೊಳ್ಳುತ್ತಾರೆ. ಒಂದೇ ವಂಶಕ್ಕೆ ಎರಡು ಚಿಹ್ನೆಗಳೇಕೆ ಎಂದು ಕೇಳಿದರೆ, ಅವು ನಿಲ್ಲುವ ಸ್ಥಳವೇ ಉತ್ತರ ಕೊಡುತ್ತದೆ. ಧ್ವಜ ಸೈನ್ಯದ ಮುಂದೆ ಸಾಗತಕ್ಕದ್ದು, ದೂರದಿಂದಲೇ ಕಾಣಬೇಕು, ಬಂದವರು ಯಾರು ಎಂಬುದನ್ನು ಶತ್ರುವಿಗೂ ಮಿತ್ರನಿಗೂ ಸಾರಬೇಕು. ಲಾಂಛನದ ಮುಖ್ಯ ನೆಲೆ ಮುದ್ರೆ. ತಾಮ್ರಪಟಗಳನ್ನು ಪೋಣಿಸಿದ ಬಳೆಯ ಮೇಲೆ ಚಾಲುಕ್ಯರ ವರಾಹ ಕುಳಿತಿರುತ್ತದೆ, ಗಂಗರ ಆನೆ ನಿಂತಿರುತ್ತದೆ. ಅದನ್ನು ಕೈಯಲ್ಲಿ ಹಿಡಿದವನೇ ನೋಡಬೇಕು. ಬಂದವರು ಯಾರೆಂದು ಧ್ವಜ ಹೇಳಿದರೆ, ಈ ಮಾತು ಯಾರದೆಂದು ಮುದ್ರೆ ಹೇಳುತ್ತದೆ.

ಈ ಭೇದ ಸಣ್ಣದಲ್ಲ. ತಾಮ್ರಶಾಸನವೆಂಬುದು ಸಾಮಾನ್ಯವಾಗಿ ದಾನಪತ್ರ. ಅದರ ಮೇಲೆ ಒತ್ತಿದ ಮುದ್ರೆ ಬಂಧಿಸುವುದು ಪಡೆದವನನ್ನಲ್ಲ, ಕೊಟ್ಟವನನ್ನು. ದೊರೆ ಸತ್ತರೂ ಅವನ ಮುಂದಿನವರು ಆ ಮಾತಿಗೆ ಕಟ್ಟುಬೀಳಬೇಕೆಂದು ಶಾಸನಗಳ ಕೊನೆಯ ಶ್ಲೋಕಗಳು ಮತ್ತೆ ಮತ್ತೆ ಎಚ್ಚರಿಸುತ್ತವೆ. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲೆಂದು ಸಾರುತ್ತವೆ. ಆದುದರಿಂದ ಲಾಂಛನವು ಅಧಿಕಾರದ ಚಿಹ್ನೆಯಾಗಿರುವಷ್ಟೇ ಹೊಣೆಯ ಚಿಹ್ನೆಯೂ ಆಗಿದೆ.

ಪುಣೆಯ ಹೆಸರಿನ ಅತಿ ಹಳೆಯ ಉಲ್ಲೇಖಗಳೆಂದು ಹೇಳಲಾಗುವವು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ತಾಮ್ರಶಾಸನಗಳಲ್ಲಿವೆ. ಕ್ರಿ.ಶ. 758ರ ಶಾಸನದಲ್ಲಿ ಪುಣ್ಯವಿಷಯವೆಂದೂ 768ರ ಶಾಸನದಲ್ಲಿ ಪೂನಕವಿಷಯವೆಂದೂ ಈ ಸೀಮೆಯ ಹೆಸರು ಬರುತ್ತದೆ. ಪುಣೆಯ ಕನ್ನಡಿಗನು ಇದನ್ನು ಹೆಮ್ಮೆಯಿಂದ ನೆನೆಯುವುದು ಸಹಜ. ಆದರೆ ಆ ಹೆಮ್ಮೆ ಸರಿಯಾದ ದಾರಿಯಲ್ಲಿ ಸಾಗಬೇಕು. ರಾಷ್ಟ್ರಕೂಟರು ಆಳಿದ್ದರೆಂಬುದರಿಂದ ಪುಣೆಯ ಮೇಲೆ ಇಂದಿನ ಕನ್ನಡಿಗನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ. ಆ ತಗಡುಗಳು ಉಳಿದುಬಂದದ್ದು ವಿಜಯದ ಗುರುತಾಗಿ ಅಲ್ಲ, ಕೊಟ್ಟ ಮಾತಿನ ಗುರುತಾಗಿ.

ಮರಾಠಿ ಪರಂಪರೆಯೂ ಇದೇ ಅರ್ಥವನ್ನು ಎತ್ತಿಹಿಡಿದಿದೆ. ಶಿವಾಜಿ ಮಹಾರಾಜರ ರಾಜಮುದ್ರೆ ಸಂಸ್ಕೃತದಲ್ಲಿದೆ. ಪಾಡ್ಯದ ಚಂದ್ರರೇಖೆಯಂತೆ ಬೆಳೆಯುವ, ಜಗತ್ತು ವಂದಿಸುವ ಈ ಮುದ್ರೆ ಲೋಕದ ಭದ್ರಕ್ಕಾಗಿ, ಎಂದರೆ ಮಂಗಳಕ್ಕಾಗಿ, ಶೋಭಿಸುತ್ತದೆ ಎಂಬುದು ಅದರ ತಾತ್ಪರ್ಯ. ಕೋಟೆಕೊತ್ತಲಗಳ ಮೇಲೆ ಭಗವಾ ಧ್ವಜ ಹಾರುತ್ತಿದ್ದ ಕಾಲದಲ್ಲಿಯೂ ಮುದ್ರೆಯ ಮಾತು ಗೆಲುವನ್ನು ಹೇಳದೆ ಮಂಗಳವನ್ನು ಹೇಳಿತು. 2022ರ ಸೆಪ್ಟೆಂಬರ್ 2ರಂದು ಭಾರತೀಯ ನೌಕಾಪಡೆಯ ಹೊಸ ಧ್ವಜ ಅನಾವರಣಗೊಂಡಾಗ ಅದರ ಅಷ್ಟಕೋನಕ್ಕೆ ಈ ರಾಜಮುದ್ರೆಯೇ ಪ್ರೇರಣೆಯಾಯಿತು. ಅಲ್ಲಿ ಮುದ್ರೆಯ ಆಕಾರ ಧ್ವಜದ ಮೇಲೇರಿತು; ಅದರ ಅರ್ಥವೂ ಜೊತೆಯಲ್ಲಿ ಏರಿದರೆ ಒಳ್ಳೆಯದು.

ಭಾರತದ ನಗರಗಳಿಗೆ ಗುರಾಣಿಯಾಕಾರದ ಲಾಂಛನಗಳು ಬಂದದ್ದು ಇಂಗ್ಲಿಷರ ಆಳ್ವಿಕೆಯಲ್ಲಿ. 1877ರ ಜನವರಿ 1ರ ದೆಹಲಿ ದರ್ಬಾರಿಗಾಗಿ ದೇಶೀಯ ಸಂಸ್ಥಾನಿಕರಿಗೆಲ್ಲ ಯೂರೋಪಿನ ರೀತಿಯ ಲಾಂಛನಗಳಿರುವ ಪತಾಕೆಗಳನ್ನು ತಯಾರಿಸಿ ಕೊಡಲಾಯಿತು. ಬಂಗಾಳದ ಸಿವಿಲ್ ಸರ್ವೀಸಿನ ಅಧಿಕಾರಿ ರಾಬರ್ಟ್ ಟೇಲರ್ ಅವನ್ನು ರಚಿಸಿದನು. ಗುರಾಣಿ, ಅದರ ಮೇಲೊಂದು ಶಿಖೆ, ಎರಡು ಪಕ್ಕದಲ್ಲಿ ಅದನ್ನು ಆತುಕೊಂಡು ನಿಂತ ಪ್ರಾಣಿಗಳು, ಕೆಳಗೆ ಧ್ಯೇಯವಾಕ್ಯದ ಪಟ್ಟಿ: ಇದು ಆ ಪದ್ಧತಿಯ ಅಂಗರಚನೆ. ಮೈಸೂರಿನ ಗಂಡಭೇರುಂಡ ಈ ಚೌಕಟ್ಟಿನಲ್ಲಿ ನೆಲೆಗೊಂಡಿತು; ಎಂದೂ ಅಂಜುವುದಿಲ್ಲ ಎಂಬರ್ಥದ ಉಪನಿಷದ್ವಾಕ್ಯ ಅದರ ಕೆಳಗೆ ಬಂದಿತು. ಅರಸುಮನೆತನಕ್ಕೆ ಈ ಪದ್ಧತಿ ಒಪ್ಪುತ್ತದೆ, ಏಕೆಂದರೆ ಅದಕ್ಕೆ ವಂಶವಿದೆ, ಯುದ್ಧಗಳ ನೆನಪಿದೆ. ನಗರಸಭೆಗೆ ವಂಶವಿಲ್ಲ, ಅದು ಗೆದ್ದ ಯುದ್ಧವೂ ಇಲ್ಲ. ಅದಕ್ಕಿರುವುದು ಚರಂಡಿ, ನಲ್ಲಿ, ದೀಪ, ಕಸ, ಆಸ್ಪತ್ರೆ, ಶಾಲೆ, ಸ್ಮಶಾನ. ಈ ಸಾಮಗ್ರಿಯಿಂದ ಲಾಂಛನವನ್ನು ಕಟ್ಟುವುದು ಹೇಗೆ?

ಈ ಪ್ರಶ್ನೆಗೆ ಅತ್ಯಂತ ಪ್ರಾಮಾಣಿಕವಾದ ಉತ್ತರವೊಂದು ಕಲ್ಕತ್ತೆಯಲ್ಲಿ ದೊರೆಯುತ್ತದೆ. 1896ರ ಡಿಸೆಂಬರಿನಲ್ಲಿ ಆ ನಗರಕ್ಕೆ ದೊರೆತ ಲಾಂಛನದಲ್ಲಿ ಗುರಾಣಿಯ ಎರಡು ಬದಿಗೆ ನಿಂತದ್ದು ಸಿಂಹಗಳಲ್ಲ, ಆನೆಗಳಲ್ಲ. ಕೊಕ್ಕಿನಲ್ಲಿ ಹಾವನ್ನು ಕಚ್ಚಿಕೊಂಡ ಎರಡು ಹರ್ಗೀಲಾ ಕೊಕ್ಕರೆಗಳು. ಬೋಳುತಲೆಯ, ಜೋಲುಚೀಲದ ಕೊರಳಿನ ಈ ಹಕ್ಕಿ ಕಲ್ಕತ್ತೆಯ ಬೀದಿಗಳ ಕೊಳೆತ ಮಾಂಸವನ್ನೂ ಹೊಲಸನ್ನೂ ತಿಂದು ಊರನ್ನು ಶುಚಿಯಾಗಿಡುತ್ತಿತ್ತು. ಅದನ್ನು ಕೊಂದವನಿಗೆ 50 ರೂಪಾಯಿ ದಂಡ ವಿಧಿಸುವ ಕಟ್ಟಳೆಯೂ ಇತ್ತು. ಸಾಮ್ರಾಜ್ಯದ ಕಿರೀಟವನ್ನು ಹೆಗಲ ಮೇಲೆ ತೊಡಿಸಿದರೂ ಹರ್ಗೀಲಾ ಕಸ ಎತ್ತುವ ಹಕ್ಕಿಯಾಗಿಯೇ ಉಳಿಯಿತು. ನಗರಸಭೆಯ ನಿಜವಾದ ಕೆಲಸವೇನೆಂಬುದನ್ನು ಆ ಲಾಂಛನ, ಅದನ್ನು ರಚಿಸಿದವರ ಉದ್ದೇಶ ಏನೇ ಇರಲಿ, ಮುಚ್ಚುಮರೆಯಿಲ್ಲದೆ ಹೇಳಿತು. ಸ್ವಾತಂತ್ರ್ಯಾನಂತರ ಆ ಹಕ್ಕಿಗಳು ಪಾಲಿಕೆಯ ಲಾಂಛನದಿಂದ ಮರೆಯಾದವು. ಕಿರೀಟ ಹೋಗತಕ್ಕದ್ದೇ; ಅದರೊಡನೆ ಕಸ ಎತ್ತುವ ಹಕ್ಕಿಯೂ ಹೋದದ್ದು ನಷ್ಟವೆಂದೇ ಹೇಳಬೇಕು.

ಪುಣೆಯ ಉತ್ತರ ಬೇರೆಯ ಬಗೆಯದು. 1950ರ ಫೆಬ್ರವರಿ 15ರಂದು ಮಹಾನಗರಪಾಲಿಕೆಯಾಗಿ ಪರಿವರ್ತಿತವಾದ ಈ ನಗರಸಂಸ್ಥೆಯ ಧ್ಯೇಯವಾಕ್ಯ ಮೂರೇ ಪದಗಳದ್ದು: ವರಂ ಜನಹಿತಂ ಧ್ಯೇಯಮ್. ಜನರ ಹಿತವೇ ಶ್ರೇಷ್ಠವಾದ ಗುರಿ ಎಂದು ಅದರ ಅರ್ಥ. ಲಾಂಛನದ ಚಿತ್ರವನ್ನು ನೋಡುವವನು ತನಗೆ ತೋಚಿದಂತೆ ಅರ್ಥೈಸಬಹುದು. ಮಾತಾದರೋ ಆಡಿದವನನ್ನು ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಈ ಮೂರು ಪದಗಳನ್ನು ಕೂಲಂಕಷವಾಗಿ ಪರಿಶೀಲಿಸುವುದು ಅವಶ್ಯ.

ನೆರೆಯ ಮುಂಬಯಿ ಪಾಲಿಕೆಯ ವಾಕ್ಯದೊಡನೆ ಇದನ್ನು ಹೋಲಿಸಿದರೆ ಇದರ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಮುಂಬಯಿಯದು ‘ಯತೋ ಧರ್ಮಸ್ತತೋ ಜಯಃ’. ಮಹಾಭಾರತದಿಂದ ಬಂದ ಈ ಮಾತು ಭಾರತದ ಸುಪ್ರೀಂ ಕೋರ್ಟಿನ ಲಾಂಛನದ ಮೇಲೂ ಇದೆ. ನ್ಯಾಯಾಲಯದಲ್ಲಿ ಇಬ್ಬರು ವಾದಿಸುತ್ತಾರೆ, ಒಬ್ಬನು ಗೆಲ್ಲುತ್ತಾನೆ. ಅಲ್ಲಿ ಜಯದ ಮಾತು ಸಾರ್ಥಕ. ಪಾಲಿಕೆಯಲ್ಲಿ ಗೆಲ್ಲುವವರಾರು, ಸೋಲುವವರಾರು? ಒಂದು ಬೀದಿಗೆ ನೀರು ಬಂದರೆ ಇನ್ನೊಂದು ಬೀದಿ ಸೋಲಬೇಕಾಗಿಲ್ಲ. ಆ ಮಹಾವಾಕ್ಯ ಎಷ್ಟೇ ಉದಾತ್ತವಾದರೂ ನಗರಸಭೆಯ ಹೆಗಲಿಗೆ ಅದು ಅಳತೆ ಮೀರಿದ ಅಂಗಿ. ಪುಣೆಯ ವಾಕ್ಯದಲ್ಲಿ ಜಯವಿಲ್ಲ. ಅದರಲ್ಲಿ ಊರಿನ ಹೆಸರೂ ಇಲ್ಲ. ಕುಲ, ಮತ, ಭಾಷೆಗಳ ಹೆಸರೂ ಇಲ್ಲ. ‘ಜನ’ ಎಂಬುದು ಎಣಿಕೆಯಿಲ್ಲದ, ಎಲ್ಲೆಯಿಲ್ಲದ ಶಬ್ದ. ನಿನ್ನೆ ಬಂದವನೂ ಜನವೇ, ಏಳು ತಲೆಮಾರಿನಿಂದ ಇದ್ದವನೂ ಜನವೇ. ಇನ್ನು ‘ಧ್ಯೇಯ’ವೆಂದರೆ ಧ್ಯಾನಿಸತಕ್ಕದ್ದು, ಸಂಸ್ಕೃತ ವ್ಯಾಕರಣದ ಪ್ರಕಾರ ಅದು ವಿಧಿಯ ರೂಪ. ಜನಹಿತವನ್ನು ಸಾಧಿಸಿದ್ದೇವೆಂದು ಪಾಲಿಕೆ ಹೇಳಿಕೊಳ್ಳುತ್ತಿಲ್ಲ. ಅದನ್ನು ಸದಾ ಮನಸ್ಸಿನಲ್ಲಿಡಬೇಕೆಂದು ತನಗೆ ತಾನೇ ಆಜ್ಞೆ ವಿಧಿಸಿಕೊಂಡಿದೆ. ಶಾಸನದ ಮುದ್ರೆಯಂತೆ ಇದೂ ಒತ್ತಿದವನನ್ನೇ ಕಟ್ಟುವ ಮಾತು. ಅಲ್ಲದೆ ಈ ಮೂರು ಪದಗಳೂ ಮರಾಠಿಯಲ್ಲಿರುವಂತೆಯೇ ಕನ್ನಡದಲ್ಲಿಯೂ ಬಳಕೆಯಲ್ಲಿರುವುದರಿಂದ, ಓದುಬಲ್ಲ ಕನ್ನಡಿಗನಿಗೆ ಅನುವಾದದ ಅಗತ್ಯವಿಲ್ಲ.

ಆದರೆ ಈ ವಾಕ್ಯದಲ್ಲಿ ಕೊರತೆಯೂ ಇದೆ. ಸಂಸ್ಕೃತ ಕಾವ್ಯ-ನೀತಿಗ್ರಂಥಗಳಲ್ಲಿ ‘ವರಂ’ ಎಂದು ಆರಂಭವಾದ ಮಾತು ಅನೇಕ ವೇಳೆ ತುಲನೆಯನ್ನು ನಿರೀಕ್ಷಿಸುತ್ತದೆ: ಇದು ಮೇಲು, ಅದು ಬೇಡ, ಎಂದು. ಇಲ್ಲಿ ಎರಡನೆಯ ಅರ್ಧವಿಲ್ಲ. ಜನಹಿತ ಯಾವುದಕ್ಕಿಂತ ಮೇಲು? ಕಂತ್ರಾಟುದಾರನ ಹಿತಕ್ಕಿಂತಲೇ, ಜಮೀನಿನ ಬೆಲೆಗಿಂತಲೇ, ಮುಂದಿನ ಚುನಾವಣೆಗಿಂತಲೇ? ಹೇಳದೆ ಬಿಟ್ಟ ಈ ಅರ್ಧವನ್ನು ನಗರದ ನಡವಳಿಕೆಯೇ ತುಂಬಬೇಕು. ಹೀಗಾಗಿ ಧ್ಯೇಯವಾಕ್ಯದ ವಿಮರ್ಶೆ ಕೋಶವನ್ನು ಮುಚ್ಚಿ ಬೀದಿಗೆ ಇಳಿಯಬೇಕಾಗುತ್ತದೆ.

ಹಡಪಸರದ ಬೀದಿ ಅಂಥ ಪರೀಕ್ಷೆಗೆ ತಕ್ಕ ಸ್ಥಳ. ಧ್ವಜದ ಸೋಲನ್ನು ಈ ನೆಲ ಕಂಡಿದೆ. 1802ರ ಅಕ್ಟೋಬರ್ 25ರ ದೀಪಾವಳಿಯಂದು ಯಶವಂತರಾವ್ ಹೋಳ್ಕರರ ಸೈನ್ಯ ಪೇಶ್ವೆ ಮತ್ತು ಶಿಂದೆಯವರ ಕೂಡುಸೈನ್ಯವನ್ನು ಹಡಪಸರದ ಬಳಿಯಲ್ಲಿ ಸೋಲಿಸಿತು. ಎರಡೂ ಕಡೆ ಮರಾಠ ನಿಶಾನೆಗಳೇ. ಪೇಶ್ವೆ ಎರಡನೆಯ ಬಾಜೀರಾಯನು ಊರು ಬಿಟ್ಟು ಹೋಗಿ, ಡಿಸೆಂಬರ್ 31ರಂದು ವಸಯಿಯಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡನು. ಸ್ವಜನರ ನಿಶಾನೆಗಳು ತಮ್ಮತಮ್ಮಲ್ಲಿ ಹೋರಾಡಿದಾಗ ಮೂರನೆಯವನ ಮುದ್ರೆ ಗೆಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಮುದ್ರೆಯ ಕಥೆ ಇತ್ತೀಚಿನದು. ಹಡಪಸರದ ಆಚೆಯ ಉರುಳಿ ದೇವಾಚಿ ಮತ್ತು ಫುರಸುಂಗಿಯ ಎಲ್ಲೆಯಲ್ಲಿ ಪುಣೆ ನಗರ ಬಹುಕಾಲ ತನ್ನ ಕಸವನ್ನು ಸುರಿಯಿತು. ಆಗ ಆ ಹಳ್ಳಿಗಳು ಪಾಲಿಕೆಯ ಹೊರಗಿದ್ದವು. ನಗರದ ಮುದ್ರೆ ಅಲ್ಲಿಗೆ ಬರುವ ಮೊದಲೇ ನಗರದ ಕಸ ಬಂದಿತ್ತು. ಗ್ರಾಮಸ್ಥರು ದುರ್ವಾಸನೆಯ ಬಗ್ಗೆಯೂ ಕೆಟ್ಟುಹೋದ ಅಂತರ್ಜಲದ ಬಗ್ಗೆಯೂ ಮತ್ತೆ ಮತ್ತೆ ಪ್ರತಿಭಟಿಸಿದರು, ಗಾಡಿಗಳನ್ನು ತಡೆದರು. 2017ರಲ್ಲಿ ಈ ಎರಡೂ ಊರುಗಳು, ಹಡಪಸರದ ಅಂಚಿನ ಸಾಡೇಸತರಾನಳಿಯೂ ಸೇರಿದಂತೆ ಒಟ್ಟು 11 ಗ್ರಾಮಗಳು ಪಾಲಿಕೆಗೆ ಸೇರಿದವು. ತೆರಿಗೆಯ ಭಾರ ಬಂದಷ್ಟು ಬೇಗ ಸೌಕರ್ಯ ಬರಲಿಲ್ಲವೆಂಬ ಅಸಮಾಧಾನ ಬೆಳೆದು, 2024ರಲ್ಲಿ ಫುರಸುಂಗಿ ಮತ್ತು ಉರುಳಿ ದೇವಾಚಿಗೆ ಬೇರೆಯ ನಗರ ಪರಿಷತ್ತೇ ಏರ್ಪಟ್ಟಿತು. 7 ವರ್ಷಗಳಲ್ಲಿ ಒಂದು ಮುದ್ರೆ ಬಂದು ಹೋಯಿತು. ಅದಕ್ಕಾಗಿ ಯುದ್ಧವಾಗಲಿಲ್ಲ, ಯಾರ ಭಾಷೆಯೂ ಬದಲಾಗಲಿಲ್ಲ. ನಗರದ ಮುದ್ರೆ ವಂಶದ್ದಲ್ಲ, ನೆತ್ತರಿನದಲ್ಲ, ಒಂದು ಕರಾರಿನದು ಎಂಬುದು ಇಲ್ಲಿ ಸ್ಫುಟವಾಯಿತು. ಕರಾರು ನಡೆಯದಿದ್ದರೆ ಜನ ಅದನ್ನು ಪ್ರಶ್ನಿಸಬಹುದು. ಧ್ವಜವನ್ನು ಹೀಗೆ ಯಾರೂ ಪ್ರಶ್ನಿಸಲಾರರು. ಅದು ಭಕ್ತಿಯನ್ನು ಕೇಳುತ್ತದೆಯೇ ಹೊರತು ಲೆಕ್ಕವನ್ನು ಕೊಡುವುದಿಲ್ಲ.

ಇದೇ ನಗರದಲ್ಲಿ ಕಸ ಆಯುವವರೇ ಸದಸ್ಯರಾಗಿರುವ ‘ಸ್ವಚ್ಛ್’ ಎಂಬ ಸಹಕಾರಿ ಸಂಸ್ಥೆ 2008ರಲ್ಲಿ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸಕ್ಕೆ ನಿಂತಿತು. ಅದರ ಸದಸ್ಯರಲ್ಲಿ ಹೆಂಗಸರೇ ಹೆಚ್ಚು. ಕಲ್ಕತ್ತೆ ತನ್ನ ಹರ್ಗೀಲಾಗಳಿಗೆ ಕೊಟ್ಟ ಸ್ಥಾನ ಈ ಹೆಂಗಸರಿಗೆ ಯಾವ ನಗರದ ಗುರಾಣಿಯ ಪಕ್ಕದಲ್ಲಿಯೂ ದೊರೆತಿಲ್ಲ. ಪುಣೆಯ ವಾಕ್ಯದ ಹೇಳದ ಅರ್ಧವನ್ನು ತುಂಬುತ್ತಿರುವವರು ಮಾತ್ರ ಅವರೇ.

ಈಗ ಹಳದಿ-ಕೆಂಪು ಧ್ವಜದ ವಿಚಾರ. 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕನ್ನಡಕ್ಕೆ ಬೆಲೆಯಿಲ್ಲವೆಂಬ ನೋವು ತೀವ್ರವಾಗಿದ್ದಾಗ ಹೋರಾಟಗಾರ ಮ. ರಾಮಮೂರ್ತಿಯವರು ಇದನ್ನು ರೂಪಿಸಿದರು. ಅದರ ಬಣ್ಣಗಳು ಅರಿಸಿನ-ಕುಂಕುಮದವು. ಅರಮನೆಯವಲ್ಲ, ಮನೆಯ ಹೊಸ್ತಿಲಿನವು. ಅದು ಸರ್ಕಾರದ ಧ್ವಜವಾಗದೆಯೇ ಜನರ ಧ್ವಜವಾಯಿತು; ಅದರ ಬಲವೂ ಅದೇ. 2018ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ರಾಜ್ಯಲಾಂಛನವನ್ನಿಟ್ಟು ಅಧಿಕೃತ ನಾಡಧ್ವಜದ ವಿನ್ಯಾಸವನ್ನು ಒಪ್ಪಿ, ಕೇಂದ್ರದ ಅನುಮತಿ ಕೋರಿತು. ಆ ಅನುಮತಿ ದೊರೆಯಲಿಲ್ಲ. ಬಳ್ಳಿಗಾವೆಯ 1047ರ ಭೇರುಂಡಸ್ತಂಭದಿಂದ ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೂಲಕ ಮೈಸೂರಿನವರೆಗೆ ಸಾಗಿಬಂದ ಆ ಪಕ್ಷಿಯ ಘನತೆ ನಿರ್ವಿವಾದ. ಆದರೂ ಲಾಂಛನವನ್ನು ಧ್ವಜದ ಮೇಲೆ ಕೂರಿಸುವುದರಿಂದ ಎರಡರ ಕೆಲಸವೂ ಮಸುಕಾಗುತ್ತದೆ. ರಾಮಮೂರ್ತಿಯವರ ಧ್ವಜ ಯಾರಿಗೂ ಆಜ್ಞೆ ಮಾಡುವುದಿಲ್ಲ, ಪ್ರೀತಿಯನ್ನು ತಿಳಿಸುತ್ತದೆ. ಅದಕ್ಕಾಗಿಯೇ ಹಡಪಸರದಲ್ಲಿ ಅದನ್ನು ಏರಿಸಿದರೆ ನೆರೆಯವನಿಗೆ ಅಂಜಿಕೆಯಾಗಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ಬೆಳಗಾವಿಯನ್ನು ಮತ್ತೆ ನೋಡಬೇಕು. ಅಲ್ಲಿ ತಪ್ಪು ಒಂದೇ ಕಡೆಯದಲ್ಲ. 2005ರಲ್ಲಿ, ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಬಹುಮತದಲ್ಲಿದ್ದಾಗ, ಆ ಪಾಲಿಕೆ ಊರನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಠರಾವು ಮಾಡಿತು. ರಾಜ್ಯ ಸರ್ಕಾರ ಪಾಲಿಕೆಯನ್ನು ವಿಸರ್ಜಿಸಿತು. ಗಡಿಯನ್ನು ನಿರ್ಣಯಿಸುವುದು ನಗರಸಭೆಯ ಕೆಲಸವಲ್ಲ. ನಲ್ಲಿಗೂ ಚರಂಡಿಗೂ ಹೊಣೆಯಾಗಬೇಕಾದ ಮುದ್ರೆಯನ್ನು ಅಂದು ಧ್ವಜವಾಗಿ ಬಳಸಲಾಯಿತು. 2020ರಲ್ಲಿ ಆದದ್ದು ಅದರ ತಿರುಗುಮುರುಗು: ಮುದ್ರೆ ಇರಬೇಕಾದ ಬಾಗಿಲಿನಲ್ಲಿ ಧ್ವಜವನ್ನೇ ನೆಡಲಾಯಿತು. ಬೆಳಗಾವಿ ಕರ್ನಾಟಕದ್ದು, ಅಲ್ಲಿ ಕನ್ನಡ ಧ್ವಜ ಹಾರಿದರೆ ತಪ್ಪೇನು ಎಂಬ ವಾದ ಹಗುರವಾದದ್ದಲ್ಲ. ಬೆಳಗಾವಿ ಕರ್ನಾಟಕದ್ದೆಂಬುದರಲ್ಲಿ ಸಂದೇಹವಿಲ್ಲ. 1967ರಲ್ಲಿ ಮಹಾಜನ ಆಯೋಗದ ವರದಿಯೂ ಅದನ್ನೇ ಹೇಳಿತು. ಪಾಲಿಕೆಯ ಆಡಳಿತ, ಫಲಕ, ಕಾಗದಪತ್ರಗಳು ಕನ್ನಡದಲ್ಲಿರಬೇಕೆಂಬುದೂ ನ್ಯಾಯವೇ. ಊರಿನ ಚೌಕದಲ್ಲಿ, ಸಂಘದ ಅಂಗಳದಲ್ಲಿ, ಮನೆಯ ಮಾಳಿಗೆಯ ಮೇಲೆ ಆ ಧ್ವಜ ಮೆರೆಯಲಿ. ಆದರೆ ಒಡೆದ ನೀರಿನ ಕೊಳವೆಯ ದೂರು ಹಿಡಿದು ಬಂದ ಮುದುಕಿ ಕಚೇರಿಯ ಬಾಗಿಲಲ್ಲಿ ಮೊದಲು ಕಾಣಬೇಕಾದದ್ದು ಆಕೆಯ ದೂರಿಗೆ ಉತ್ತರ ಕೊಡುವವರು ಯಾರೆಂಬ ಗುರುತು. ಇಲ್ಲಿ ಗೆದ್ದವರು ಯಾರೆಂಬ ಗುರುತು ಆಕೆಗೆ ಬೇಕಾಗಿಲ್ಲ. ಆಕೆಯ ಮನೆಮಾತು ಕನ್ನಡವಾದರೂ ಇದು ನಿಜ, ಮರಾಠಿಯಾದರೂ ನಿಜ.

ಹೊರನಾಡಿನ ಕನ್ನಡಿಗನಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ. ಊರಿನಿಂದ ದೂರವಿದ್ದಷ್ಟೂ ಧ್ವಜದ ಮೇಲಿನ ಅಭಿಮಾನ ಬೆಳೆಯುತ್ತದೆ. ಬೆಳಗಾವಿಯ ಸುದ್ದಿ ಪುಣೆಯಲ್ಲಿ ಬೆಳಗಾವಿಯಲ್ಲಿರುವುದಕ್ಕಿಂತ ಬಿಸಿಯಾಗಿ ಕೇಳಿಸುತ್ತದೆ. ಆದರೆ ಅವನಿಗೆ ದೊರೆತಿರುವ ದೃಷ್ಟಿ ಒಳನಾಡಿನವನಿಗೆ ಸುಲಭವಾಗಿ ದೊರೆಯುವಂಥದಲ್ಲ. ಪರಭಾಷೆಯ ನಗರದ ಕಚೇರಿಗೆ ಅಂಜುತ್ತಾ ಹೋಗಿ, ತನ್ನ ಕೆಲಸ ನ್ಯಾಯವಾಗಿ ಮುಗಿದಾಗ ಹಗುರವಾಗಿ ಹಿಂದಿರುಗಿದ ಅನುಭವ ಅವನದು. ಪುಣೆ ಪಾಲಿಕೆಯ ಬಾಗಿಲಲ್ಲಿ ಅವನು ಬಯಸುವುದು ಮೂರು ಪದಗಳ ಆ ಕರಾರು ತನಗೂ ಸಲ್ಲಲಿ ಎಂಬುದನ್ನೇ. ಬೆಳಗಾವಿಯ ಬಾಗಿಲಲ್ಲಿ ಇನ್ನೊಬ್ಬನು ಬಯಸುವುದೂ ಅಷ್ಟನ್ನೇ. ಇಲ್ಲಿ ತನಗೆ ಬೇಕಾದದ್ದನ್ನು ಅಲ್ಲಿ ಇನ್ನೊಬ್ಬನಿಗೆ ನಿರಾಕರಿಸಿದರೆ, ಇಲ್ಲಿ ಕೇಳುವ ಬಾಯಿ ತಾನಾಗಿಯೇ ಮುಚ್ಚಿಹೋಗುತ್ತದೆ.

ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮೇಲೆಂದು ತಾಮ್ರಶಾಸನಗಳು ಸಾರಿದವು. ನಗರದ ಲಾಂಛನಕ್ಕೂ ಅದೇ ಅಳತೆಗೋಲು. ಅದರ ಮೇಲಿನ ಚಿತ್ರ ಎಷ್ಟು ಸುಂದರ, ಅದರ ಸಂಸ್ಕೃತ ಎಷ್ಟು ಶುದ್ಧ ಎಂಬುದು ಎರಡನೆಯ ಮಾತು. ಆ ಮುದ್ರೆಯಿರುವ ಬಿಲ್ಲಿಗೆ ಹಣ ಕಟ್ಟಿದವನ ಬೀದಿಗೆ, ಅವನ ಮನೆಮಾತು ಯಾವುದೆಂದು ಕೇಳದೆ, ನೀರು ಬಂದಿತೇ ಎಂಬುದು ಮೊದಲನೆಯದು.